ಲೇತಿನ ಎದುರು ಗೋಡೆಯ ಗೆರೆ

ಆ ಗೆರೆಯನ್ನು ನಾನೇ ಎಳೆದೆ ಎಂದು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಈಗ ಯಾರಾದರೂ ಪ್ರಮಾಣ ಮಾಡಿ ಹೇಳು ಎಂದರೆ ಹೇಳಲಾರೆ. ಎಳೆದಿರಬಹುದು. ಎಳೆಯುತ್ತಿದ್ದವರ ಪಕ್ಕದಲ್ಲಿ ನಿಂತಿರಬಹುದು. ಅಥವಾ ಆ ದಿನ ಸೊಲ್ಲಾಪುರದ ಮನೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದು, ಆಮೇಲೆ ಬೇರೆಯವರು ಹೇಳಿದ್ದನ್ನು ಕೇಳಿ ಕೇಳಿ, ಯಾವುದೋ ಒಂದು ಹಂತದಲ್ಲಿ ಮೊಳೆಯನ್ನು ಅವರ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟುಕೊಂಡಿರಲೂಬಹುದು. ನೆನಪು ಇಂಥ ಕೆಲಸ ಮಾಡುವಾಗ ಸದ್ದು ಮಾಡುವುದಿಲ್ಲ.

ಗೆರೆ ಎಂದರೆ ದೊಡ್ಡದೇನಲ್ಲ. ಅಕ್ಕಲಕೋಟೆಯಲ್ಲಿ ನನ್ನ ಅಕ್ಕ ಗಂಗವ್ವನ ಮನೆಯ ಹಿಂದೆ ಒಂದು ಶೆಡ್ಡು ಇದೆ. ಮೂರು ಕಡೆ ತಗಡು, ನಾಲ್ಕನೆಯ ಕಡೆ ಮನೆಯದೇ ಹಿಂಗೋಡೆ. ಆ ಗೋಡೆಯ ಸುಣ್ಣದ ಗಿಲಾವಿನ ಮೇಲೆ ಮೊಳೆಯಿಂದ ಗೀಚಿದ, ಒಂದೂವರೆ ಅಡಿ ಉದ್ದದ, ನೆಟ್ಟಗೆ ನಿಂತ ಒಂದು ಗೆರೆ. ಅದಕ್ಕೆ ಎದುರಾಗಿ, ಹದಿನೈದು ಅಡಿ ದೂರದಲ್ಲಿ, ಅಕ್ಕನ ಗಂಡ ಮಾಳಪ್ಪನ ಲೇತ್ ಯಂತ್ರ. ಅಕ್ಕನ ಗಂಡನನ್ನು ನಮ್ಮ ಕಡೆ ಮರಾಠಿಯವರ ಹಾಗೆ ದಾಜಿ ಎನ್ನುತ್ತೇವೆ. ದಾಜಿ ತೀರಿಕೊಂಡು ಮೂರು ವರ್ಷವಾಯಿತು. ಆ ಯಂತ್ರದ ಮೇಲೆ ಅವರು ತಮ್ಮ ಕೈಯಾರೆ ಮಾಡಿದ ಸುಧಾರಣೆಗಳು ಒಂದೆರಡಲ್ಲ. ಅವುಗಳ ನಡುವೆ ಇದು ನನ್ನ ಕೈಯಿಂದ ಆದದ್ದು ಎಂದು ತೋರಿಸಲು ನನಗಿದ್ದದ್ದು ಗೋಡೆಯ ಮೇಲಿನ ಆ ಗೀಚು ಒಂದೇ. ಹೋದ ತಿಂಗಳು ಆ ಗೋಡೆಗೆ ಬಣ್ಣ ಬಳಿಯುತ್ತಾರೆಂದು ಸುದ್ದಿ ಬಂದಾಗ ನಾನು ಯಾಕೆ ಬಸ್ಸು ಹತ್ತಿದೆ ಎಂಬುದಕ್ಕೆ ಇಷ್ಟು ಪೀಠಿಕೆ.

ನಾನು ಭೌತಶಾಸ್ತ್ರ ಕಲಿತವನು, ಮೂವತ್ತು ವರ್ಷ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಅದನ್ನೇ ಮರಾಠಿಯಲ್ಲಿ ಕಲಿಸಿದವನು. ತಡವಳ ಹಳ್ಳಿಯ ನಮ್ಮ ಕುರಿಗಾರರ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲಿಗ. ಅಲ್ಲಿ ಕಲಿತದ್ದೆಲ್ಲ ಮರೆತರೂ ಅನುಮಾನಪಡುವ ಚಟ ಉಳಿದುಕೊಂಡಿತು. ಪ್ರಯೋಗಾಲಯದಲ್ಲಿ ಕೆಲವು ಹುಡುಗರು ಉತ್ತರವನ್ನು ಮೊದಲೇ ತಿಳಿದುಕೊಂಡು, ಅದಕ್ಕೆ ಹೊಂದುವಂತೆ ಅಳತೆಗಳನ್ನು ವಹಿಯಲ್ಲಿ ಬರೆದು ತರುತ್ತಿದ್ದರು. ಅಳತೆಗಳು ಬಹಳ ಚಂದ ಇರುತ್ತಿದ್ದವು, ಅದರಿಂದಲೇ ಸಿಕ್ಕಿಬೀಳುತ್ತಿದ್ದರು. ಈಗ ನನ್ನ ನೆನಪುಗಳನ್ನು ತಿರುವಿ ನೋಡಿದರೆ ಅದೇ ಹುಡುಗರ ವಹಿ ನೋಡಿದಂತಾಗುತ್ತದೆ. ಎಲ್ಲವೂ ತುಸು ಹೆಚ್ಚೇ ಚಂದ ಇದೆ.

ದಾಜಿಯ ಯಂತ್ರ ಬರಿಯ ಲೇತ್ ಅಲ್ಲ. ಲೇತಿನಲ್ಲಿ ಕಬ್ಬಿಣದ ತುಂಡು ಗರಗರ ತಿರುಗುತ್ತದೆ, ಉಳಿ ಒಂದೆಡೆ ನಿಂತು ಅದನ್ನು ಕೆತ್ತುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಉಳಿಯೇ ತಿರುಗುತ್ತದೆ, ತುಂಡು ಅದರ ಕೆಳಗೆ ಸರಿಯುತ್ತದೆ. ಈ ಎರಡೂ ಒಂದೇ ಮೈಯಲ್ಲಿ ಕೂಡಿದ ಜಾತಿಯದು ಅವರದ್ದು. ಕೆಳಗೆ ಲೇತ್, ಅದರ ಬೆನ್ನಿಗೊಂದು ದುಂಡನೆಯ ಉಕ್ಕಿನ ಕಂಬ, ಕಂಬದ ಮೇಲೆ ಮಿಲ್ಲಿಂಗಿನ ಭಾರವಾದ ತಲೆ. ದಾಜಿ ದುಡಿಯುತ್ತಿದ್ದ ಸೊಲ್ಲಾಪುರದ ಗಿರಣಿ ಮುಚ್ಚಿದ ಮೇಲೆ ಅವರು ಇದನ್ನು ಎಲ್ಲಿಂದಲೋ ಹಳೆಯದನ್ನು ತಂದು, ಪವರ್‌ಲೂಮುಗಳ ಬಿಡಿಭಾಗ ಮಾಡಿಕೊಡತೊಡಗಿದರು. ಎರಡು ಕೆಲಸ ಬಲ್ಲ ಯಂತ್ರ ಎರಡನ್ನೂ ತುಸು ಕಡಿಮೆ ಬಲ್ಲದ್ದಾಗಿರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ನಾವೆಲ್ಲ ಅದೇ ಜಾತಿಯ ಯಂತ್ರಗಳು. ನನಗೆ ಇಂದಿಗೂ ಜಗಳ ಮರಾಠಿಯಲ್ಲಿ ಸಲೀಸು, ಜ್ವರ ಬಂದರೆ ನರಳುವುದು ಕನ್ನಡದಲ್ಲಿ.

ಹಳೆಯ ಯಂತ್ರಕ್ಕೆ ಇನ್ನೊಂದು ಗುಣವಿರುತ್ತದೆ. ಹಿಡಿಕೆಯನ್ನು ಒಂದು ದಿಕ್ಕಿಗೆ ತಿರುಗಿಸುತ್ತಾ ಹೋಗಿ, ಹಿಂದಕ್ಕೆ ತಿರುಗಿಸಿದರೆ ಮೊದಲ ಕಾಲು ಸುತ್ತು ಏನೂ ಕದಲುವುದಿಲ್ಲ. ಸ್ಕ್ರೂ ಸವೆದು ಸಡಿಲಾಗಿರುತ್ತದೆ. ಇದಕ್ಕೆ ಕಾರ್ಖಾನೆಯವರು ‘ಪ್ಲೇ’ ಅನ್ನುತ್ತಾರೆ. ದಾಜಿ ಅದಕ್ಕೆ ಮಾಡಿದ ಉಪಾಯ ಸರಳ: ಯಾವ ಅಳತೆಗಾದರೂ ಯಾವಾಗಲೂ ಒಂದೇ ಕಡೆಯಿಂದ ಬರಬೇಕು, ದಾಟಿ ಹೋದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ಕಡೆಯಿಂದ ಬರಬೇಕು. ನಾನೂ ನನ್ನ ಹಳೆಯ ದಿನಗಳಿಗೆ ಯಾವಾಗಲೂ ಒಂದೇ ಕಡೆಯಿಂದ ಬರುತ್ತೇನೆ ಎಂದು ಕಾಣುತ್ತದೆ. ಅದಕ್ಕೇ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತೇನೆ. ಅದೇ ಜಾಗಕ್ಕೆ ಬಂದೆ ಎಂದ ಮಾತ್ರಕ್ಕೆ ಅದು ಸರಿಯಾದ ಜಾಗ ಎಂದಾಗುವುದಿಲ್ಲ. ಇದನ್ನು ನಾನೇ ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ.

ದಾಜಿಯ ಸುಧಾರಣೆಗಳೆಲ್ಲ ನಮ್ಮ ಊರಿನ ಸಾಮಾನಿನಿಂದ ಆದವು. ಮಿಲ್ಲಿಂಗಿನ ತಲೆಯನ್ನು ಎತ್ತಿ ಇಳಿಸುವುದು ಎಮ್ಮೆಯನ್ನು ಅಟ್ಟಕ್ಕೆ ಹತ್ತಿಸಿದಷ್ಟು ಕಷ್ಟವಾಗಿತ್ತು. ಅವರು ಸೈಕಲ್ ಚೈನು ಕಟ್ಟಿ, ಶೆಡ್ಡಿನ ತೊಲೆಗೆ ಒಂದು ಗಾಲಿ ಕೂಡಿಸಿ, ಇನ್ನೊಂದು ತುದಿಗೆ ಮಗ್ಗದಲ್ಲಿ ನೂಲು ಬಿಗಿಯಾಗಿರಲೆಂದು ತೂಗುಬಿಡುವ ಬೀಡಿನ ಗುಂಡುಗಳನ್ನು ಇಳಿಬಿಟ್ಟರು. ತಲೆ ಒಂದು ಬೆರಳಿಗೆ ಏಳತೊಡಗಿತು. ಉಳಿ ಹೊತ್ತ ಭಾಗ ಹಿಂದೆ ಮುಂದೆ ಸರಿಯುವ ಲೇತಿನ ಹಾಸುಪಟ್ಟಿಗಳ ಮೇಲೆ ಕಬ್ಬಿಣದ ಸಿಪ್ಪೆ ಬೀಳದಂತೆ ಏನಾದರೂ ಹೊದಿಸಬೇಕೆಂದಾಗ ಸೊಲ್ಲಾಪುರದ ಮನುಷ್ಯನಿಗೆ ಹೊಳೆಯುವುದು ಒಂದೇ: ಟಾವೆಲ್ಲು. ಊರೆಲ್ಲ ನೇಯುವುದು ಅದನ್ನೇ. ನಮ್ಮಲ್ಲಿ ಮದುವೆಯಾದರೆ ಟಾವೆಲ್ಲು, ಮಂತ್ರಿ ಬಂದರೆ ಟಾವೆಲ್ಲು, ಸತ್ತರೂ ಟಾವೆಲ್ಲು. ಹಾಸಿದರು. ಎಂಟು ದಿನದಲ್ಲಿ ಟಾವೆಲ್ಲಿನ ಕುಣಿಕೆಗಳಲ್ಲೆಲ್ಲ ಸಿಪ್ಪೆ ಸಿಕ್ಕಿ, ಅದು ಒಂದು ದೊಡ್ಡ ಮರಳುಕಾಗದವಾಗಿ, ಹಾಸುಪಟ್ಟಿಗಳನ್ನು ತಾನೇ ತಿಕ್ಕತೊಡಗಿತು. ಮೇಲೆ ನೂಲಿನ ಧೂಳು ಎಣ್ಣೆಯಲ್ಲಿ ಕಲಸಿ ಸ್ಕ್ರೂನ ಸಂದಿಗಳಲ್ಲಿ ಹಿಟ್ಟಿನ ಹಾಗೆ ಕೂತಿತು.

ಆಗ ಅವರು ತಮ್ಮ ಊರು ನಂದೇಶ್ವರಕ್ಕೆ ಹೋಗಿ ತಮ್ಮ ಅಪ್ಪನ ಹಳೆಯ ಕಂಬಳಿ ತಂದರು. ಕುರಿಗಾರರಿಗೆ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ, ಅದನ್ನು ಹಾಸಿ ನಮ್ಮ ಕುಲದೇವರು ಬೀರೋಬಾನನ್ನು ಕೂಡಿಸುತ್ತೇವೆ. ಕತ್ತರಿ ಹಚ್ಚುವ ಮುಂಚೆ ದಾಜಿ ಅದನ್ನು ಹಣೆಗೆ ಒತ್ತಿಕೊಂಡು, “ಬೀರೋಬಾ, ಹರ್ಯಾಕತ್ತಿಲ್ಲಪಾ, ಕೆಲಸಕ್ಕ ಹಚ್ಚಾಕತ್ತೀನಿ” ಎಂದರಂತೆ. ಎರಡು ಬೆರಳಗಲದ ಪಟ್ಟಿಗಳನ್ನು ಎಣ್ಣೆಯಲ್ಲಿ ಅದ್ದಿ, ಸರಿಯುವ ಭಾಗದ ಎರಡೂ ತುದಿಗೆ ಬಿಗಿದರು. ಅದು ಸರಿದಾಗಲೆಲ್ಲ ಕಂಬಳಿ ಹಾಸುಪಟ್ಟಿಯನ್ನು ಒರೆಸಿ, ಒಂದಿಷ್ಟು ಎಣ್ಣೆಯನ್ನೂ ಬಿಟ್ಟು ಹೋಗುತ್ತಿತ್ತು. ಆ ಕಂಬಳಿ ಇನ್ನೂ ಇದೆ. ದಾಜಿಯ ಅಪ್ಪ ಅದನ್ನು ಹೊದ್ದು ಮಳೆಯಲ್ಲಿ ನಿಂತದ್ದಕ್ಕಿಂತ ಹೆಚ್ಚು ದಿನ ಅದು ಲೇತಿನ ಮೇಲೆ ದುಡಿದಿದೆ.

ಶೇಂದೂರದ ಕತೆ ಮಾತ್ರ ಎರಡು ತರ ಇದೆ. ಯಾವುದು ನಡೆದದ್ದು ಎಂದು ಗೊತ್ತಿಲ್ಲ. ಒಂದು ಸಲ ಶೆಡ್ಡಿಗೆ ಹೋದಾಗ ದಾಜಿ ಬಟ್ಟಲಲ್ಲಿ ಶೇಂದೂರದ ಕೆಂಪು ಪುಡಿಗೆ ಎಣ್ಣೆ ಕಲಸಿ, ಊರ ಹೊರಗಿನ ಕಲ್ಲುದೇವರಿಗೆ ಬಳಿಯುವಂತೆ ಒಂದು ಸಪಾಟಾದ ಕಬ್ಬಿಣದ ಹಲಗೆಗೆ ಬಳಿಯುತ್ತಿದ್ದರು. ನಾನು ಆಗ ಹೊಸ ವಿಜ್ಞಾನಿ. ಮೂಢನಂಬಿಕೆಯ ಬಗ್ಗೆ ಅಲ್ಲೇ ಅರ್ಧ ಗಂಟೆ ಮಾತಾಡಿದೆ ಎಂಬುದು ನಾನು ತರಗತಿಯಲ್ಲಿ ಹೇಳುತ್ತಿದ್ದ ಕತೆ. ದಾಜಿ ಪೂರ್ತಿ ಕೇಳಿಸಿಕೊಂಡು, ಆ ಹಲಗೆಯನ್ನು ಲೇತಿನ ಹಾಸುಪಟ್ಟಿಯ ಮೇಲೆ ಬೋರಲಾಗಿಟ್ಟು, ಮೆಲ್ಲಗೆ ಜರುಗಿಸಿ ಎತ್ತಿದರು. ಹಾಸುಪಟ್ಟಿಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆಗಳಿದ್ದವು.

“ನೋಡ್ರಿ ಮಾಸ್ತರ, ಕೆಂಪ ಎಲ್ಲಿ ಹತ್ತ್ಯದ, ಅಲ್ಲಿ ಉಬ್ಬ ಅದ. ಅದನ್ನ ಕೆರೀಬೇಕು. ದೇವರಿಗಿ ಹಚ್ಚಿದ್ರ ಎಲ್ಲಾ ಕಡೆ ಹಚ್ಚತೀವಿ. ಇದು ಎಲ್ಲಿ ಹತ್ತತದ, ಎಲ್ಲಿ ಹತ್ತಂಗಿಲ್ಲ, ಅದನ್ನ ನೋಡೂದು.”

ಕಣ್ಣಿಗೆ ಸಪಾಟಾಗಿ ಕಾಣುವುದು ಎಷ್ಟು ಸಪಾಟು ಎಂದು ಅವರು ಶೇಂದೂರವನ್ನು ಕೇಳುತ್ತಿದ್ದರು. ವಿಜ್ಞಾನ ಎಂದರೆ ಇಷ್ಟೇ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಕೆಲಸ ಮುಗಿದ ಮೇಲೆ ಬಟ್ಟಲಲ್ಲಿ ಉಳಿದ ಶೇಂದೂರವನ್ನು ದಾಜಿ ಯಂತ್ರದ ಹಣೆಗೆ ಬಳಿದು ಕೈಮುಗಿದರು ಎಂಬ ಭಾಗವನ್ನು ತರಗತಿಯಲ್ಲಿ ಬಿಟ್ಟುಬಿಡುತ್ತಿದ್ದೆ. ಆದರೆ ಅಕ್ಕನಿಗೆ ನೆನಪಿರುವುದೇ ಬೇರೆ. “ಭಾಷಣಾ ನೀ ಯಾವಾಗ ಮಾಡಿದ್ದಿ ತಮ್ಮಾ? ಬಾಯಿ ತುಂಬ ಬಿಸಿ ಚಹಾ ಇತ್ತು. ಕಣ್ಣ ಮಾತ್ರ ಹಿಂಗ ಅಗಲ ಮಾಡಿ ನೋಡಿದ್ದಿ. ಭಾಷಣಾ ಮನಿಗಿ ಹೋಗಿ ನಿನ್ನ ಹೇಣತಿ ಮುಂದ ಮಾಡಿರಬೇಕು.” ಇದು ನಿಜವಿದ್ದರೂ ಇರಬಹುದು. ನನ್ನ ಭಾಷಣಗಳಲ್ಲಿ ಬಹುಪಾಲು ಅಲ್ಲೇ ಆಗಿವೆ.

ಇನ್ನು ಗೆರೆ. ಆ ದುಂಡು ಕಂಬವೇ ಯಂತ್ರದ ದೊಡ್ಡ ಕೊರತೆ. ಉದ್ದದ ಬೈರಿಗೆ ತೆಗೆದು ಗಿಡ್ಡ ಉಳಿ ಹಾಕಬೇಕೆಂದರೆ ತಲೆಯನ್ನು ಸಡಿಲಿಸಿ ಇಳಿಸಬೇಕು. ದುಂಡು ಕಂಬವಾದ್ದರಿಂದ ಸಡಿಲಿಸಿದ ತಕ್ಷಣ ತಲೆ ಕೂದಲೆಳೆಯಷ್ಟು ಆ ಕಡೆಗೋ ಈ ಕಡೆಗೋ ತಿರುಗಿಬಿಡುತ್ತಿತ್ತು. ಮೊದಲು ಕೊರೆದ ತೂತಿನ ನಟ್ಟನಡುವೆ ಎರಡನೆಯ ಉಳಿ ಇಳಿಯುತ್ತಿರಲಿಲ್ಲ. ದಾಜಿ ಇದನ್ನು ಹೇಳಿಕೊಂಡಾಗ ನಾನು ನಮ್ಮ ಪ್ರಯೋಗಾಲಯದ ಒಂದು ಹಳೆಯ ಉಪಾಯ ಹೇಳಿದೆ. ತಿರುಗುವ ವಸ್ತುವಿಗೆ ಸಣ್ಣ ಕನ್ನಡಿ ಅಂಟಿಸಿ, ಅದರ ಮೇಲೆ ಬೆಳಕು ಬಿಟ್ಟರೆ, ಪ್ರತಿಫಲಿಸಿದ ಬೆಳಕು ದೂರದ ಗೋಡೆಯ ಮೇಲೆ ಬೀಳುತ್ತದೆ. ಇಲ್ಲಿ ಕೂದಲೆಳೆ ತಿರುಗಿದರೆ ಅಲ್ಲಿ ಬೆಳಕು ಬೆರಳಗಲ ಸರಿಯುತ್ತದೆ. ಬೆಳಕು ಬಿದ್ದಲ್ಲಿ ಗೋಡೆಗೆ ಗೆರೆ ಎಳೆದಿಟ್ಟರೆ, ಆಮೇಲೆ ತಲೆಯನ್ನು ಎಷ್ಟು ಏರಿಸಿ ಇಳಿಸಿದರೂ ಬೆಳಕನ್ನು ಆ ಗೆರೆಗೆ ತಂದು ಬಿಗಿದರಾಯಿತು.

ಈ ಉಪಾಯ ಹೇಳಿದವನು ನಾನೇ. ಇದರಲ್ಲಿ ಯಾರಿಗೂ ತಕರಾರಿಲ್ಲ, ಯಾಕೆಂದರೆ ಮೊದಲ ಸಲ ಅದು ಕೆಟ್ಟದ್ದೂ ನನ್ನಿಂದಲೇ. ಪ್ರಯೋಗಕ್ಕೆಂದು ಅಕ್ಕನ ಕುಂಕುಮದ ಡಬ್ಬಿಯ ಕನ್ನಡಿ ಹಚ್ಚಿ, ಬೆಳಕಿಗೆ ಎಂದು ತಗಡಿನ ತೂತಿನಿಂದ ಬೀಳುವ ಬಿಸಿಲನ್ನೇ ಆರಿಸಿದೆ. ಖರ್ಚಿಲ್ಲದ ಬೆಳಕು! ಪೆನ್ಸಿಲಿನಿಂದ ಗೋಡೆಗೆ ಗೆರೆ ಎಳೆದೆ. ಚಹಾ ಕುಡಿದು ಬಂದು ನೋಡಿದರೆ ಬೆಳಕು ನಾಲ್ಕು ಬೆರಳು ಆಚೆಗಿತ್ತು. ತಲೆ ಅಲುಗಿದೆ ಎಂದು ಇನ್ನೊಂದು ಗೆರೆ ಎಳೆದೆ. ಅದೂ ತಪ್ಪಿತು. ದಾಜಿ ತಗಡಿನ ತೂತಿನತ್ತ ತಲೆಯೆತ್ತಿ ನೋಡಿ ಕೇಳಿದರು: “ಮಾಸ್ತರ, ನಿಮ್ಮ ಕಾಲೇಜಿನ್ಯಾಗ ಸೂರ್ಯಾ ಒಂದ ಜಾಗಾಕ ನಿಂತಿರ್ತಾನೇನ್ರಿ?”

ಅವಮಾನದ ನೆನಪುಗಳು ಕೆಡುವುದಿಲ್ಲ ಎಂದು ನಾನು ನಂಬಿದ್ದೇನೆ. ಅದಕ್ಕೂ ನನ್ನ ಹತ್ತಿರ ಪುರಾವೆಯಿಲ್ಲ.

ಆಮೇಲಿನದು ಹೀಗೆ ನೆನಪಿದೆ. ದಾಜಿ ಹಳೆಯ ಮೋಟಾರ್‌ಸೈಕಲ್ಲಿನ ದೀಪವನ್ನು ಲೇತಿಗೆ ಬಿಗಿದು, ಅದರ ಮುಖಕ್ಕೆ ಸಣ್ಣ ಸೀಳಿರುವ ತಗಡು ಹಚ್ಚಿದರು. ತಲೆ ಏರಿಳಿದರೂ ಬೆಳಕು ತಪ್ಪದಂತೆ, ಕುಂಕುಮದ ಡಬ್ಬಿಯ ಕನ್ನಡಿಯ ಬದಲು ಗೇಣುದ್ದದ ಪಟ್ಟಿ ಕನ್ನಡಿಯನ್ನು ನಿಲ್ಲಿಸಿದರು. ಆ ಪಟ್ಟಿಯನ್ನು ಅಕ್ಕನ ಕಪಾಟಿನ ಕನ್ನಡಿಯಿಂದ ಕತ್ತರಿಸಿದ್ದರು. ದಾಜಿ ಯಂತ್ರದ ಮೇಲೆ ಬಾಗಿ ತಲೆಯನ್ನು ಹಿಡಿದಿದ್ದಾರೆ. ನಾನು ಗೋಡೆಯ ಹತ್ತಿರ ಮೊಳೆ ಹಿಡಿದು ನಿಂತಿದ್ದೇನೆ. ಅವರು “ಹಾಂ, ಎಳೀರಿ” ಎನ್ನುತ್ತಾರೆ. ನಾನು ಮೇಲಿನಿಂದ ಕೆಳಗೆ ಎಳೆಯುತ್ತೇನೆ. ಗಿಲಾವಿನ ಪುಡಿ ನನ್ನ ಅಂಗಿಯ ತೋಳಿನ ಮೇಲೆ ಉದುರುತ್ತದೆ. ಎಷ್ಟು ಚಂದ ಇದೆ ನೋಡಿ. ಪುಡಿಯ ಸಮೇತ.

ನನಗೆ ದಾಜಿ ಇಲ್ಲದ್ದು ಅರಿವಾಗುವುದು ಯಾವುದೋ ದೊಡ್ಡ ಮಾತು ನೆನಪಾಗಿ ಅಲ್ಲ. ಅವರು ದೊಡ್ಡ ಮಾತು ಆಡುತ್ತಲೇ ಇರಲಿಲ್ಲ. “ಮಾಸ್ತರ, ಇದನ್ನ ಹಿಡೀರಿ” ಎಂದು ಕೈಗೆ ಬ್ಯಾಟರಿ ಕೊಡುತ್ತಿದ್ದರು. ಬೆಳಕು ತಪ್ಪು ಜಾಗಕ್ಕೆ ಬಿದ್ದರೆ ಬಯ್ಯದೆ ಮೊಣಕೈಯಿಂದ ನನ್ನ ಕೈಯನ್ನು ತುಸು ನೂಕಿ ಸರಿಮಾಡುತ್ತಿದ್ದರು. ನಾನು ಪುಸ್ತಕ ಓದಿದವನು, ನನ್ನ ಕೈಗಳಿಂದ ಜಗತ್ತಿನಲ್ಲಿ ಒಂದು ಸ್ಟೂಲು ಕೂಡ ಹೆಚ್ಚಾಗಿಲ್ಲ. ಆ ಶೆಡ್ಡಿನಲ್ಲಿ ಮಾತ್ರ, ಎಣ್ಣೆ ಸುಟ್ಟ ವಾಸನೆಯಲ್ಲಿ, ನೀಲಿ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುವುದನ್ನು ನೋಡುತ್ತ, ನಾನೂ ಏನನ್ನೋ ಮಾಡುತ್ತಿದ್ದೇನೆ ಅನಿಸುತ್ತಿತ್ತು. ಆ ಮೊಣಕೈಯ ನೂಕಿಗಾಗಿ ನಾನು ಈಗ ಎಷ್ಟು ದೂರ ಬೇಕಾದರೂ ಹೋಗುತ್ತೇನೆ. ಹೋಗಲು ಸಿಗುವುದು ಅಕ್ಕಲಕೋಟೆ ಬಸ್ಸು ಮಾತ್ರ.

ಹೋದ ತಿಂಗಳು ಫೋನು ಮಾಡಿದವಳು ಅಕ್ಕನ ಮಗಳು ಸವಿತಾ. ಐ.ಟಿ.ಐ. ಮಾಡಿಕೊಂಡವಳು, ಅಪ್ಪನ ಯಂತ್ರವನ್ನು ಈಗ ಅವಳೇ ನಡೆಸುತ್ತಾಳೆ. ದುಂಡು ಕಂಬ ಕಿತ್ತು ಚೌಕದ ಕಂಬ ಕೂಡಿಸಿದ್ದಾಳಂತೆ, ಅದೂ ಮುರಿದ ಇನ್ನೊಂದು ಯಂತ್ರದಿಂದ ತೆಗೆದು ತಾನೇ ಕೆರೆದು ಹೊಂದಿಸಿದ್ದು.

“ಮಾಮಾ, ಇನ್ನ ತಲಿ ತಿರುಗಂಗಿಲ್ಲ. ಏಕದಮ್ ಸರಳ ಮ್ಯಾಲ, ಸರಳ ಕೆಳಗ. ನೋಡಾಕ ಬರ್ರಿ. ಆಯಿತವಾರ ಬರ್ರಿ, ಸೋಮವಾರ ಗ್ವಾಡಿಗಿ ಪೇಂಟ್ ಮಾಡಾಂವ ಬರತಾನ.”

“ಯಾವ ಗ್ವಾಡಿಗಿ?”

“ಗೆರಿ ಅದ ಅಲ್ಲ, ಅದ ಗ್ವಾಡಿಗಿ. ಈಗ ಆ ಗೆರಿ ಏನ ಮಾಡೂದು?”

ಅವಳು ಹೇಳಿದ್ದು ಸರಿ. ಚೌಕದ ಕಂಬಕ್ಕೆ ಗೆರೆಯ ಹಂಗಿಲ್ಲ. ನಾನು ಭಾನುವಾರದ ಮೊದಲ ಬಸ್ಸಿಗೇ ಹೋದೆ.

ಶೆಡ್ಡಿನಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸವಿತಾ ಚೌಕದ ಕಂಬದ ಮೇಲೆ ತಲೆಯನ್ನು ಏರಿಸಿ ಇಳಿಸಿ ತೋರಿಸಿದಳು. ಅಳತೆಯ ಮುಳ್ಳು ಹಚ್ಚಿ, ಅದು ಅಲುಗದಿರುವುದನ್ನೂ ತೋರಿಸಿದಳು. ದಾಜಿಯ ಮಗಳು, ಪುರಾವೆಯಿಲ್ಲದೆ ಮಾತಾಡುವುದಿಲ್ಲ. ನಾನು ಹೊಗಳಿದೆ. ಆದರೆ ನನ್ನ ಕಣ್ಣು ಗೋಡೆಯ ಮೇಲಿತ್ತು.

“ನಾ ಎಳದಿದ್ದ ಗೆರಿ ನಾಳಿಂದ ಇರೂದಿಲ್ಲ ನೋಡು” ಎಂದೆ, ಆದಷ್ಟು ಹಗುರಾಗಿ.

ಅಕ್ಕ ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. “ಯಾರ ಎಳದಿದ್ದು?”

“ನಾನು.”

“ನೀನಾ? ನಾ ಎಳದೀನಿ ಅದನ್ನ. ಕೈಯಾಗಿನ ರೊಟ್ಟಿ ಹಿಟ್ಟ ಸುದ್ದಾ ತೊಳೀಲಾರದ ಬಂದಿದ್ದೆ. ‘ಲಗೂನ ಬಾ, ಕೈ ಬಿಟ್ರ ತಿರಗತದ’ ಅಂತ ಒದರಾಕತ್ತಿದ್ರು ಈ ಸವಿತಾನ ಅಪ್ಪಾ.”

“ಅಕ್ಕಾ, ನನಗ ಛಲೋ ನೆನಪದ. ನನ್ನ ಅಂಗಿ ಮ್ಯಾಲ ಪುಡಿ ಬಿದ್ದಿತ್ತು.”

“ನಿನ್ನ ಅಂಗಿ ಮ್ಯಾಲ ಯಾವಾಗಲೂ ಪುಡಿ ಇರತಿತ್ತಪಾ. ಹಲಗಿ ಮ್ಯಾಲ ಬರಿಯೂ ಖಡೂದು.”

ಸವಿತಾ ನಗುತ್ತ ಕೂತುಬಿಟ್ಟಳು. “ಅರೆ ಮಾಮಾ, ಹೊಲದ ಬದುವಿಗಿ ಜಗಳಾಡೂದು ನೋಡೀನಿ. ಗ್ವಾಡಿ ಮ್ಯಾಲಿನ ಗೆರಿಗಿ ಇವತ್ತ ನೋಡಾಕತ್ತೀನಿ.”

ಆ ನಗುವಿನಲ್ಲಿ ನಾನೂ ಸೇರಬೇಕಿತ್ತು. ಸೇರಲಿಲ್ಲ. ಆಗ ನನ್ನ ಕಲಿಕೆ ನೆರವಿಗೆ ಬಂತು. ಸಾಕ್ಷಿಗಳು ಜಗಳಾಡಿದರೆ ಅಳೆದು ನೋಡಬೇಕು. ನಾನು ಎತ್ತರದ ಮನುಷ್ಯ, ಅಕ್ಕ ಗಿಡ್ಡ. ಗೆರೆಯ ಮೇಲಿನ ತುದಿ ಅಕ್ಕನ ಕೈಗೆ ಎಟುಕದಷ್ಟು ಎತ್ತರದಲ್ಲಿದ್ದರೆ ಅದು ನನ್ನದು. ಎಟುಕಿದರೆ ಏನೂ ಸಾಬೀತಾಗುವುದಿಲ್ಲ, ಎತ್ತರದವನು ಕೆಳಗೂ ಎಳೆಯಬಹುದಲ್ಲ. ಅಂದರೆ ಈ ಪರೀಕ್ಷೆಯಲ್ಲಿ ನಾನು ಗೆಲ್ಲಬಹುದು, ಸೋಲುವಂತಿಲ್ಲ. ಇಂಥ ಪರೀಕ್ಷೆಯನ್ನು ಹುಡುಗರು ಯೋಜಿಸಿ ತಂದಿದ್ದರೆ ವಹಿಯನ್ನು ಹಿಂದಕ್ಕೆ ಎಸೆಯುತ್ತಿದ್ದೆ.

ಅಕ್ಕ ಗೊಣಗುತ್ತ ಎದ್ದು, ಗೋಡೆಗೆ ಒತ್ತಿ ನಿಂತು, ಹಿಮ್ಮಡಿ ಎತ್ತಿ, ಕೈ ಚಾಚಿದಳು. ಅವಳ ತೋರುಬೆರಳ ತುದಿ ಗೆರೆಯ ತುದಿಯನ್ನು ಮುಟ್ಟಿ ನಿಂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಅಲ್ಲಿ, ತುದಿಯ ಎರಡು ಬೆರಳಷ್ಟು ಭಾಗದಲ್ಲಿ, ಗೆರೆ ಸ್ವಲ್ಪ ನಡುಗಿತ್ತು. ಹಿಮ್ಮಡಿ ಎತ್ತಿ ನಿಂತವರ ಕೈ ನಡುಗುವ ಹಾಗೆ. ಅದನ್ನು ನಾನು ಎಂದೂ ಗಮನಿಸಿರಲಿಲ್ಲ. ಹಿಮ್ಮಡಿ ನೆಲಕ್ಕೆ ಊರಿ ಆರಾಮಾಗಿ ಎಳೆದವನ ಗೆರೆಯಲ್ಲ ಅದು. ತರ್ಕದ ಪ್ರಕಾರ ಏನೂ ಸಾಬೀತಾಗಿಲ್ಲ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ.

“ಅವು ನಿನ್ನವು” ಎಂದಳು ಅಕ್ಕ, ಮೊಳೆಯ ಗೆರೆಯ ಬಲಕ್ಕೆ ಮಾಸಿಹೋದ ಎರಡು ಪೆನ್ಸಿಲ್ ಗುರುತುಗಳನ್ನು ತೋರಿಸಿ. ಬಿಸಿಲಿನಲ್ಲಿ ಎಳೆದ ತಪ್ಪು ಗೆರೆಗಳು. ಅವುಗಳ ಬಗ್ಗೆ ಈ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ನನ್ನ ಮುಖ ನೋಡಿರಬೇಕು. ಅಕ್ಕ ಮತ್ತೆ ಸ್ಟೂಲಿನ ಮೇಲೆ ಕೂತು, ಮೊರ ತೊಡೆಯ ಮೇಲಿಟ್ಟುಕೊಂಡು, ಸಣ್ಣ ದನಿಯಲ್ಲಿ ಹೇಳಿದಳು: “ಗೆರಿ ನಂದ ತಮ್ಮಾ. ಕನ್ನಡಿ ನಿಂದು.”

“ಯಾವ ಕನ್ನಡಿ? ಅದು ನಿನ್ನ ಕಪಾಟಿಂದಲ್ಲ? ದಾಜಿ ಕತ್ತರಿಸಿದ್ರಲ್ಲ.”

“ನನ್ನ ಕಪಾಟಿನ ಕನ್ನಡಿ ಇನ್ನೂ ಕಪಾಟಿನ್ಯಾಗ ಅದ, ಒಳಗ ಹೋಗಿ ನೋಡ್ಕೊ ಮಾರಿ. ಈ ಪಟ್ಟಿ ಕನ್ನಡಿ ನೀ ತಂದು ಕೊಟ್ಟಿದ್ದಿ. ಮರಾಠಿ ಪೇಪರಿನ್ಯಾಗ ಸುತ್ತಿಕೊಂಡು, ಅಂಗಿ ಒಳಗ ಇಟಗೊಂಡು ಬಂದಿದ್ದಿ. ‘ಯಾರ ಮುಂದೂ ಹೇಳಬ್ಯಾಡ್ರಿ’ ಅಂದಿ ಇಬ್ಬರಿಗೂ. ಅವರು ಯಾರ ಮುಂದೂ ಹೇಳಲಿಲ್ಲ.”

ನಾನು ಒಳಗೆ ಹೋಗಿ ಕಪಾಟು ನೋಡಿದೆ. ಕನ್ನಡಿ ಇಡಿಯಾಗಿತ್ತು. ಅದರಲ್ಲಿ ಕಂಡ ಮುಖಕ್ಕೆ ಈ ಸುದ್ದಿ ಹೊಸದು. ಅಂಗಿಯೊಳಗೆ ಕನ್ನಡಿ ಇಟ್ಟುಕೊಂಡು ಬಸ್ಸಿನಲ್ಲಿ ಒಂದೂವರೆ ತಾಸು ಕೂತ ಮನುಷ್ಯನನ್ನು ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ಉದುರಿದ ಪುಡಿಯನ್ನು ಇಟ್ಟುಕೊಂಡ ನೆನಪು, ಎದೆಗೆ ತಣ್ಣಗೆ ತಾಕಿದ ಗಾಜನ್ನು ಯಾಕೆ ಬಿಟ್ಟಿತು? ನಾನು ಮೆಚ್ಚಿಕೊಳ್ಳಬಹುದಾದದ್ದನ್ನು ಅದು ಯಾರಿಂದಲೋ ಎರವಲು ತಂದು ಇಟ್ಟುಕೊಂಡಿದೆ, ನಾಚಬೇಕಾದದ್ದನ್ನು ದಾಜಿಯ ಹತ್ತಿರ ಬಿಟ್ಟು ಬಂದಿದೆ. ದಾಜಿ ಅದನ್ನು ಹದಿನೈದು ಅಡಿ ದೂರದ ಗೋಡೆಗೆ ಬೆಳಕು ಬೀರಲು ಹಚ್ಚಿ, ನನ್ನನ್ನು ಒಮ್ಮೆಯೂ ಕೇಳದೆ, ಒಮ್ಮೆಯೂ ನಗದೆ, ಅಷ್ಟು ವರ್ಷ ದುಡಿಸಿಕೊಂಡರು.

ಹೊರಗೆ ಬಂದು ಕೇಳಿದೆ. ಹೊಸ ಕಂಬ ಕೂಡಿಸುವಾಗ ಸವಿತಾ ಕನ್ನಡಿಯನ್ನು ಎಸೆದಿರಲಿಲ್ಲ. ಸ್ಪ್ಯಾನರುಗಳ ಹಲಗೆಯ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ್ದಳು. “ಮಾರಿಗಿ ಎಣ್ಣಿ ಹತ್ತಿದ್ದ ಕಾಣಲಿ ಅಂತ ಮಾಮಾ. ಗಿರಾಕಿ ಬಂದಾಗ ಭೂತ ಕಂಡಂಗ ಆಗಬಾರದಲ್ಲ.” ಇಳಿಸಿ ಕೈಗೆ ಕೊಟ್ಟಳು. ಅಂಚುಗಳನ್ನು ನಯವಾಗಿ ತಿಕ್ಕಿದ ದಪ್ಪ ಗಾಜು, ಕಪಾಟಿನ ಕನ್ನಡಿಯ ಜಾತಿಯದಲ್ಲ. ತಿರುಗಿಸಿದರೆ ಹಿಂಬದಿಯಲ್ಲಿ, ಅರ್ಧ ಸುಲಿದುಹೋದ ಬಿಳಿ ಬಣ್ಣದಲ್ಲಿ, ಸಣ್ಣ ಕುಂಚದಿಂದ ಬರೆದ ಒಂದು ಸಂಖ್ಯೆ. ಕಾಲೇಜಿನ ಪ್ರತಿ ಸಾಮಾನಿನ ಮೇಲೂ ಹೀಗೆ ಬರೆಯುತ್ತಾರೆ, ಕುರ್ಚಿಯಿಂದ ಹಿಡಿದು ಕಾಂತದವರೆಗೆ.

ಸೋಮವಾರ ಗೋಡೆಗೆ ಬಣ್ಣ ಬಳಿದರು. ತಿಳಿ ಹಸಿರು. ಸವಿತಾ ಫೋಟೋ ಕಳಿಸಿದ್ದಳು, ಶೆಡ್ಡು ಬೆಳಗುತ್ತಿತ್ತು. ಅಕ್ಕನ ಗೆರೆ, ನನ್ನ ಗೆರೆಗಳು ಎಲ್ಲವೂ ಒಟ್ಟಿಗೆ ಹೋದವು. ಬೇಡ ಎನ್ನಲು ನಾನು ಬಾಯಿ ತೆರೆಯಲಿಲ್ಲ. ಚೌಕದ ಕಂಬ ಕೂಡಿಸಿದ ಮಗಳನ್ನು ಕಂಡಿದ್ದರೆ ದಾಜಿ ತಾವೇ ಕುಂಚ ಹಿಡಿಯುತ್ತಿದ್ದರು.

ಆದರೆ ಅಕ್ಕ ಒಬ್ಬಳೇ ಸಾಕ್ಷಿ, ಅದೂ ತಮ್ಮನ ಮೇಲೆ ಪ್ರೀತಿಯಿರುವ ಸಾಕ್ಷಿ. ಸೋತವನಿಗೆ ಸಮಾಧಾನಕ್ಕೆಂದು ಒಂದು ಕನ್ನಡಿ ಕೊಟ್ಟಿರಬಹುದು. ಹಿಂಬದಿಯ ಸಂಖ್ಯೆಯೂ ಗುಜರಿಯಿಂದ ಬಂದ ಯಾವುದೋ ಸಾಮಾನಿನದಿರಬಹುದು. ಅನುಮಾನದ ಚಟ ನನ್ನನ್ನು ಆ ವಾರವೇ ಕಾಲೇಜಿಗೆ ಎಳೆದುಕೊಂಡು ಹೋಯಿತು. ಪ್ರಯೋಗಾಲಯವನ್ನು ಈಗ ನೋಡಿಕೊಳ್ಳುವವನು ನನ್ನ ಹಳೆಯ ವಿದ್ಯಾರ್ಥಿ. ಸಾಮಾನುಗಳ ಹಳೆಯ ನೋಂದಣಿ ಪುಸ್ತಕ ಬೇಕೆಂದಾಗ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಡೆಡ್‌ಸ್ಟಾಕ್ ರಜಿಸ್ಟರ್ ಯಾಕ್ರಿ ಸರ್? ರಿಟೈರ್ ಆದ ಮ್ಯಾಲ ಆಡಿಟ್ ಮಾಡಾಕ ಬಂದೀರೇನ್ರಿ?”

“ಹಂಗ ತಿಳಕೋಪಾ” ಎಂದೆ.

ಅಟ್ಟದಿಂದ ಇಳಿಸಿ, ಧೂಳು ಕೊಡವಿ ಕೊಟ್ಟ. ಕನ್ನಡಿಯ ಹಿಂದಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಪುಟ ಸಿಕ್ಕಿತು. ಆ ಸಂಖ್ಯೆಯ ಎದುರಿಗೆ ‘ಪಟ್ಟಿ ಕನ್ನಡಿ, ಒಂದು’ ಎಂದಿದೆ. ಷರಾದ ಕಾಲಮಿನಲ್ಲಿ, ಪ್ರಯೋಗ ಮಾಡುವಾಗ ಒಡೆದಿದೆ ಎಂದು ಮರಾಠಿಯಲ್ಲಿ ಬರೆದಿದೆ. ಅಕ್ಷರ ನನ್ನದು. ಕೆಳಗಿನ ಸಹಿಯೂ ನನ್ನದೇ.